ಹನ್ನೊಂದನೆಯ ಅರ್ಜಿ

ಬಯಲು ಗಣಪತಿಯ ಪಾದಗಳನ್ನು ನೆನೆದು. ಶ್ರೀ ವಿಶ್ವಾವಸು ಸಂವತ್ಸರ, ಕಾರ್ತೀಕ ಬಹುಳ ಪಂಚಮಿ, ಭಾನುವಾರ. ಹೊಳಲ್ಕೆರೆ.

ಮ್ಯಾನೇಜರನ ಕೆಲಸ ಕೇಳಿ ಕ್ಲಬ್ಬಿಗೆ ಹಾಕಿದ ಹನ್ನೊಂದನೆಯ ಅರ್ಜಿಯೂ ತಿರಸ್ಕೃತವಾಯಿತು. ಕಂಪ್ಯೂಟರಿನ ಫುಟ್‌ಬಾಲ್ ಆಟವೇ ಆದರೂ, ತಂಡವನ್ನು ನಡೆಸುವ ಮ್ಯಾನೇಜರನ ಪದವಿಗೆ ಮರ್ಯಾದೆಯುಂಟೆಂದು ನಂಬಿದ್ದೆ. ಸತತ ಆರು ಸೋಲುಗಳ ಹೊಣೆ ಹೊತ್ತು, ಯಾರೂ ಕೇಳದಿದ್ದರೂ ರಾಜೀನಾಮೆ ಕೊಟ್ಟೆ. ಒಬ್ಬರ ಅನ್ನ ಉಣ್ಣುತ್ತ ಇನ್ನೊಬ್ಬರ ಬಾಗಿಲು ತಟ್ಟುವುದು ಅಧರ್ಮವೆಂದು ಮೊದಲೇ ಬೇರೆ ಕ್ಲಬ್ಬನ್ನು ಹುಡುಕಿರಲಿಲ್ಲ.

ಈ ಆಟ ಕಲಿಸಿದ ಗೆಳೆಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ರೌಫ್, ಸಂಜೆ ಬಂದು ಪರದೆ ನೋಡಿ ನಕ್ಕ.

"ಏನಪ್ಪ ಶಾಸ್ತ್ರಿ, ಕುರ್ಚಿ ಮೇಲೆ ಕುಂತ್ಕಂಡೇ ಇನ್ನೊಂದು ಕುರ್ಚಿ ನೋಡ್ಕಬೇಕು. ಇಲ್ಲಿ ಪಂಚೆ ಕೊಡವಿ ಎದ್ದು ಬಂದೋನ್ನ ಯಾರೂ ಕರಿಯಲ್ಲ."

"ನನ್ನ ಹಳೇ ತಂಡದ ಕ್ಯಾಪ್ಟನ್ ಗತಿ ಏನಾತು, ನೋಡು" ಎಂದೆ.

"ಹೊಸ ಮ್ಯಾನೇಜರ್ ತೆಗ್ದಾಕ್ಯಾನೆ. ಮೂವತ್ತಾರು ವರ್ಷ ಆಗೈತೆ, ಇನ್ಯಾರು ಇಟ್ಕಂತಾರೆ?"

ಆ ಕ್ಯಾಪ್ಟನ್ನನಿಗೆ ಇನ್ನೊಂದು ವರ್ಷದ ಕರಾರು ಕೊಡುವೆನೆಂದು ಮಾತು ಕೊಟ್ಟಿದ್ದೆ. ನನ್ನ ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಆ ಮಾತನ್ನು ಮರೆತೆ. ಸಂಧ್ಯಾಜಪಕ್ಕೆ ಕುಳಿತಾಗಲೂ ಅವನ ಹೆಸರೇ ನಾಲಿಗೆಗೆ ಬಂತು. ನನಗೆ ಸ್ಥಾನ ಬೇಕಿರುವುದು ಅವನನ್ನು ಕರೆದುಕೊಳ್ಳುವುದಕ್ಕೆ. ಕೊಡುವವರು ಇನ್ನು ಯಾರೂ ಉಳಿದಿಲ್ಲ. ಆಟದ ದಿನವನ್ನು ಮುಂದೆ ಸಾಗಿಸುವ ಗುಂಡಿ ಒತ್ತಿದಷ್ಟೂ ಅವನ ವಯಸ್ಸು ಮಾತ್ರ ಏರುತ್ತಿದೆ. ನಾಳೆಯೂ ಒತ್ತುವೆನೋ, ಅಥವಾ…

ಕೈ ಸೋತಿದೆ. ನಾನು ಬಿಟ್ಟುಬಂದ ತಂಡಕ್ಕೂ, ನನ್ನನ್ನು ಬೇಡವೆಂದ ಹನ್ನೊಂದು ಕ್ಲಬ್ಬುಗಳಿಗೂ, ನಕ್ಕ ರೌಫನಿಗೂ ಮಂಗಳವಾಗಲಿ. ಕ್ಯಾಪ್ಟನ್ನನ ಮಂಡಿಗಳಲ್ಲಿ ಬಲವಿರಲಿ. ನನ್ನನ್ನಲ್ಲದಿದ್ದರೂ, ಅವನನ್ನು ಯಾರಾದರೂ ಕರೆಯಲಿ.