ನನ್ನ ಹಿಂದೆ ಹಾಡಿದವಳು

ನಿಪ್ಪಾಣಿ,
೨೨ ನವೆಂಬರ್ ೧೯೯೩

ಪ್ರೀತಿಯ ಸುಂದರಕ್ಕನಿಗೆ,

ಉಗಾರದ ನಿಮ್ಮೆಲ್ಲರನ್ನೂ ನೆನೆಯುತ್ತ ತಂಗಿ ಬರೆಯುವುದು. ಕಬ್ಬಿನ ಹಂಗಾಮಿನಲ್ಲಿ ಭಾವನಿಗೆ ಕಾರ್ಖಾನೆಯಿಂದ ಬಿಡುವು ಸಿಗುತ್ತಿರಲಿಕ್ಕಿಲ್ಲ. ದೀಪಾವಳಿಗೆ ಯಾಕೆ ಬರಲಿಲ್ಲ ಎಂದು ಕೇಳಿದ್ದೀ. ಗಂಟಲು ಕೆಟ್ಟಿದೆ ಎಂದು ನಮ್ಮವರು ಹೇಳಿ ಕಳಿಸಿದ್ದು ಅರ್ಧ ನಿಜ.

ಅವರ ಹಾಡಿನ ಹುಚ್ಚು ನಿನಗೆ ಗೊತ್ತು. ಹಳೆಯ ತಂಬಾಕು ಗೋದಾಮಿನ ಗೋಡೆಗೆ ಗೋಣಿತಟ್ಟು ಹೊಡೆದು ಸ್ಟುಡಿಯೋ ಮಾಡಿದರು. ಕೀಬೋರ್ಡು ಬಂತು, ತಾಳ ಬಾರಿಸುವ ಮಷೀನು ಬಂತು. "ಡೊಳ್ಳು ಸಾಕು. ಕಾಲೇಜ್ ಹುಡುಗರು ಕುಣೀಬೇಕು, ಮುಂಬೈ ಕ್ಯಾಸೆಟ್ಟಿನಂಗ ಇರಬೇಕು" ಎಂದು ಹಟ. ಸಾಲು ಸಣ್ಣದಿರಬೇಕು, ಬಸ್ಸು ಇಳಿದ ಮೇಲೂ ಬಾಯಲ್ಲಿ ಉಳಿಯಬೇಕು. "ಹಾರನ್ ಹೊಡೀಬ್ಯಾಡ ಹುಡುಗ, ಓಣಿ ಕೇಳತೈತಿ" ಎಂದು ಬರೆದರು. ನಾನು ಹಾಡಿದೆ.

ಟೇಪು ಹಚ್ಚಿ ಕೇಳಿದರೆ ನನ್ನ ದನಿಯ ಹಿಂದೆ ಇನ್ನೊಂದು ಹೆಣ್ಣುದನಿ. ತೆಳ್ಳಗೆ, ಚೂರು ತಡವಾಗಿ. "ಹಳೇ ಟೇಪ್ ಐತಿ, ಮೊದಲಿಂದು ಅಳಿಸಿಲ್ಲ" ಎಂದರು. ಹೊಸ ಟೇಪಿನಲ್ಲೂ ಅವಳೇ ಇದ್ದಳು. ನಮ್ಮದೇ ಮಾತು, ನಮ್ಮದೇ ರಾಗ.

ಕ್ಯಾಸೆಟ್ ಹೊರಡಿಸುವ ಭಾವುಸಾಹೇಬರು ಕೊಲ್ಹಾಪುರದಿಂದ ಬಂದು ಕೇಳಿ ಮೆಚ್ಚಿದರು. "ಆ ಹಿಂದಿನ ದನಿ ಭಾಳ ಮಾಡರ್ನ್ ಐತ್ರಿ ರಾಜಾರಾಮ, ಅದನ್ನ ಜಾಸ್ತಿ ಮಾಡ್ರಿ" ಎಂದರು. ಅದು ಮಷೀನಿನ ಕರಾಮತ್ತು ಎಂದು ನಮ್ಮವರು ನಕ್ಕರು. ನನ್ನ ಮುಖ ನೋಡಲಿಲ್ಲ.

ಆಮೇಲೆ ಹಾಡಿನಿಂದ ಹಾಡಿಗೆ ಅವಳು ಹತ್ತಿರ ಬಂದಳು, ನನ್ನ ದನಿ ಹಿಂದೆ ಸರಿಯಿತು. ಕಡೆಯ ಹಾಡಿಗೆ ಅವರಿನ್ನೂ ಕೊನೆಯ ನುಡಿ ಬರೆದಿರಲಿಲ್ಲ. ನಾನು ಅಲ್ಲಿಗೇ ನಿಲ್ಲಿಸಿದೆ. ಟೇಪಿನಲ್ಲಿ ಅವಳು ನಿಲ್ಲಿಸಿರಲಿಲ್ಲ, ಪೂರ್ತಿ ಹಾಡಿದ್ದಳು. ಅವರು ಕೇಳುತ್ತ ಬರೆದುಕೊಂಡರು.

"ಎಷ್ಟ್ ಚಲೋ ಬರದಾಳ ನೋಡು" ಎಂದರು.

"ಯಾರು?" ಎಂದೆ. ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದರು.

ಮರುದಿನ ಹಾಲಿನವಳನ್ನು ಕರೆಯಹೋದರೆ ನನ್ನ ಗಂಟಲಿನಿಂದ ಗಾಳಿ ಮಾತ್ರ ಬಂತು.

ಎರಡನೆಯ ಕ್ಯಾಸೆಟ್ಟಿಗೆ ಕುಡಚಿಯಿಂದ ಲಕ್ಷ್ಮಿಬಾಯಿ ಎಂಬ ಹುಡುಗಿಯನ್ನು ಕರೆತಂದರು. ಭಜನೆಯಲ್ಲಿ ಹಾಡುವ ಮುಗ್ಧೆ. ಬೇಡವೆಂದು ಕೈಸನ್ನೆ ಮಾಡಿದೆ, ಅವಳ ಸೆರಗು ಹಿಡಿದೆ. "ನಿಮಗ ಹೊಟ್ಟೆಕಿಚ್ಚೇನ್ರಿ ವೈನಿ?" ಎಂದುಬಿಟ್ಟಳು. ಅವಳು ಮೈಕಿನ ಮುಂದೆ ಬಾಯಿ ತೆರೆದದ್ದೇ ತಡ, ನಾನು ಗೋಡೆಯ ಪ್ಲಗ್ ಕಿತ್ತೆ. ತಾಳ ನಿಂತಿತು, ಟೇಪು ನಿಂತಿತು, ಹುಡುಗಿ ಬಾಯಿ ಮುಚ್ಚಿದಳು. ಸ್ಪೀಕರ್ ಡಬ್ಬಿಯೊಳಗಿನ ಆ ದನಿಯ ಹಾಡು ಮಾತ್ರ ನಿಲ್ಲಲಿಲ್ಲ. ನಿಧಾನವಾಗಿ ಪಲ್ಲವಿ ಮುಗಿಸಿತು.

ಲಕ್ಷ್ಮಿಬಾಯಿ ಚಪ್ಪಲಿಯನ್ನೂ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಅವಳ ದನಿಯಾದರೂ ಉಳಿಯಿತು ಎಂಬುದೊಂದೇ ಸಮಾಧಾನ. ನಮ್ಮವರು ಏಳಲಿಲ್ಲ. ಡಬ್ಬಿಯ ಮೇಲೆ ಅಂಗೈ ಇಟ್ಟು, "ಇನ್ನ ನಮಗ ಹಾಡೋರು ಬ್ಯಾಡ" ಎಂದರು.

ಈಗ ದಿನವಿಡೀ ಗೋದಾಮಿನಲ್ಲೇ ಇರುತ್ತಾರೆ. ಊಟಕ್ಕೂ ಬರುವುದಿಲ್ಲ. ನಾನು ರವಿವಾರ ನಿನ್ನಲ್ಲಿಗೆ ಹೊರಟಿದ್ದೇನೆ, ತಿರುಗಿ ಬರುವವಳಲ್ಲ. ಭಾವನಿಗೆ ನೀನೇ ತಿಳಿಸಿ ಹೇಳು.

ನಿನ್ನ ತಂಗಿ,
ಸುಗಂಧಾ

ತಾ.ಕ.: ನಿನ್ನೆ ಮಾತು ಮರಳಿತು. ಓಣಿಯವರೆಲ್ಲ ಖುಷಿಪಟ್ಟರು. ಆದರೆ ಆ ದನಿ ನನ್ನದಲ್ಲ ಅಕ್ಕಾ, ಟೇಪಿನವಳದು. ಅದಕ್ಕೇ ಇದನ್ನೆಲ್ಲ ಬರೆದು ತಿಳಿಸಿದೆ. ರವಿವಾರ ಹೊರಗಿನಿಂದ ಯಾರಾದರೂ "ಸುಂದರಕ್ಕಾ" ಎಂದು ಕರೆದರೆ ಕಿಟಕಿಯಿಂದ ಮುಖ ನೋಡು. ಆಮೇಲೆ ಬಾಗಿಲು ತೆರೆ.