ಭೇಟಿಯ ಭಾನುವಾರ

ವ್ಯಸನಮುಕ್ತಿ ಕೇಂದ್ರದ ವಾರ್ಡನ್ ಅಮ್ಮನವರಿಗೆ ನಮಸ್ಕಾರ.

ಮಗಳು ಮನೆಗೆ ಬರುವ ಮುಂಚೆ ಚಪ್ಪಲಿ ಅಂಟಿನ ಡಬ್ಬಗಳನ್ನೆಲ್ಲ ಸಾಗಹಾಕಿ ಎಂದಿದ್ದಿರಿ. ಸಾಗಹಾಕಿದೆ. ಅದನ್ನು ಮೂಸಿ ಮೂಸಿಯೇ ಅವಳು ಹಾಳಾದದ್ದು, ನನಗೂ ಗೊತ್ತು. ಈಗ ಪಕ್ಕದ ಓಣಿಯ ಶೆಡ್ಡಿನಲ್ಲಿ ಕೂತು ಅದೇ ಅಂಟಿನಿಂದ ಚಪ್ಪಲಿಗೆ ಅಟ್ಟೆ ಅಂಟಿಸುತ್ತೇನೆ. ಬೇರೆ ಕೆಲಸ ನನಗೆ ಬಾರದು.

ಕಳೆದ ಭಾನುವಾರ ಕೆಲಸದಿಂದ ಹಾಗೇ ನಿಮ್ಮಲ್ಲಿಗೆ ಬಂದಿದ್ದೆ. ಅವಳು ತಬ್ಬಿಕೊಂಡು, ಹೆಗಲಿಗೆ ಮುಖ ಒತ್ತಿ ಬಿಡಲೇ ಇಲ್ಲ. "ಇನ್ನೊಂಚೂರು ಇರಮ್ಮ" ಅಂದಳು. ಹದಿನೈದರ ಹುಡುಗಿ ಮತ್ತೆ ಕೂಸಾದಳೆಂದು ಹಿಗ್ಗಿಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಾಕೆ ಮೂಗು ಮುಚ್ಚಿಕೊಂಡು, "ಏನ್ರೀ ಇದು, ಅಂಟಿನ ವಾಸ್ನೆ?" ಎಂದಳು.

ಎಷ್ಟು ಉಜ್ಜಿದರೂ ಮೈಯಿಂದ ಹೋಗುತ್ತಿಲ್ಲ. ಈ ಭಾನುವಾರ ನಾನು ಬರುವುದಿಲ್ಲ. ಕೇಳಿದರೆ ಅಮ್ಮನಿಗೆ ಜ್ವರ ಎನ್ನಿ.

ಅವತ್ತು ಅಮ್ಮನನ್ನು ಯಾಕೆ ತಬ್ಬಿಕೊಂಡೆ ಎಂದು ಮಾತ್ರ ಅವಳನ್ನು ಕೇಳಬೇಡಿ.

ಇಂತಿ,
ಅವಳ ತಾಯಿ