ನಾಲ್ಕೇ ಸುತ್ತಿನ ನಟ್ಟು

ರೀ,

ಕಾರಿನ ಮುಂದಿನ ಗಾಲಿಯ ಒಂದು ನಟ್ಟು ಬಿಚ್ಚಿ ನೋಡಿ, ತಿರುಗಿ ಬಿಗಿದಿದೀನಿ. ನಾಲ್ಕೇ ಸುತ್ತಿಗೆ ಕೈಗೆ ಬಂತು. ಸಂತೇಬೆನ್ನೂರು ದಾರೀಲಿ ಪಂಚರ್ ಆಗಿ ಇಬ್ರೂ ಸೇರಿ ಬಿಚ್ಚಿದಾಗ ಎಂಟು ಸುತ್ತಿತ್ತು, ನೆನಪೈತಾ?

ಆಮೇಲೆ ಗಾಲಿ ಹೊರಗೆ ಚಾಚಿ ಕಾಣ್ಲಿ ಅಂತ ಒಳಗೆ ದಪ್ಪನೆ ಸ್ಪೇಸರ್ ಬಿಲ್ಲೆ ಹಾಕ್ಸಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ರಿ. ಬೋಲ್ಟ್ ಉದ್ದ ಸಾಲ್ತೈತಾ ಅಂತ ಮಾತ್ರ ನೋಡ್ಲಿಲ್ಲ. ಈಗ ನಟ್ಟಿಗೆ ಅರ್ಧ ಹಿಡಿತಾನೇ ಐತೆ, ಓಡ್ತಾ ಓಡ್ತಾ ಗಾಲಿ ಕಳಚಿ ಬಿದ್ದೀತು. ಮೆಕ್ಯಾನಿಕ್ಕನ್ನ ಮನೆಗೇ ಕರೆಸ್ರಿ. ಉದ್ದನೆ ಬೋಲ್ಟ್ ಹಾಕ್ಸಿ, ಇಲ್ಲಾಂದ್ರೆ ಬಿಲ್ಲೆ ತೆಗೆಸಿ. ಅಲ್ಲೀತನಕ ಓಡ್ಸಬ್ಯಾಡ್ರಿ. ಕೀ ನಾನೇ ತಗಂಡು ಹೋಗ್ತಿದೀನಿ, ಸಿಟ್ಟಾಗಬ್ಯಾಡ್ರಿ.

ಸಾರು ಬಿಸಿ ಮಾಡ್ಕಳ್ರಿ.

ಅಮ್ಮನ್ನ ನೋಡಾಕೆ ನ್ಯಾಮತಿಗೆ ಬಸ್ಸಿಗೇ ಹೋಗ್ತೀನಿ. ಕಾರಿನಾಗೆ ನನ್ನ ಸೀಟು ಕಿತ್ತು ಸ್ಪೀಕರ್ ಪೆಟ್ಟಿಗೆ ಕೂರ್ಸಿ ಆರು ತಿಂಗಳಾತು. ಬಸ್ಸಿನಾಗೆ ಪಕ್ಕದಾಗೆ ಒಬ್ರು ಮನುಷ್ಯರಾದ್ರೂ ಕೂತಿರ್ತಾರೆ.